ಕೆಳಗಿನ ಬೆಳಕು

ಹೊಸ ಜೋಳದ ವಾಸನೆ ಬಂದರೆ ಈಗಲೂ ನನ್ನ ಬೆನ್ನು ತಾನಾಗಿ ಬಾಗುತ್ತದೆ.

ಅಜ್ಜಿಗೆ ಉಳಿದಿದ್ದ ಒಂದೇ ಕಣ್ಣಿನ ಒಳಪರದೆ ಕಳಚಿ, ಸೊಲ್ಲಾಪುರದಲ್ಲಿ ಆಪರೇಷನ್ ಆಗಿತ್ತು. ತಲೆ ಅಲುಗಬಾರದೆಂದು ಡಾಕ್ಟರು ಹೇಳಿದ್ದರಿಂದ ಅಜ್ಜ ಎರಡು ಸಣ್ಣ ಚೀಲಗಳಲ್ಲಿ ನಮ್ಮೂರು ನಾಗಣಸೂರಿನ ಹೊಸ ಜೋಳ ತುಂಬಿ ಅವಳ ಕಿವಿಗಳ ಪಕ್ಕ ಇಟ್ಟಿದ್ದ. ಮೂರು ವಾರಗಳ ನಂತರ ಒಂದು ಮಧ್ಯಾಹ್ನ ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚಿದರು. ಮಂಚದ ಮೇಲೆ ಕೂತ ಅಜ್ಜಿಯ ಎದುರು ಅಜ್ಜ ನಿಂತ. ಅವನ ಸೊಂಟದೆತ್ತರವಿದ್ದ ನಾನೂ ನಿಂತೆ.

"ಕಾಣತೈತೇನ?" ಎಂದ ಅಜ್ಜ.

"ಕೆಳಗ ಬೆಳಕೈತ್ರಿ. ಮ್ಯಾಲ ಕರೀ ಕಂಬಳಿ ಕಟ್ಟಿದಂಗೈತಿ. ನಿಮ್ಮ ಧೋತ್ರ ಕಾಣತೈತಿ, ಮಾರಿ ಕಾಣವಲ್ದು."

ಅಜ್ಜ ಸಪ್ಪಗಾದ.

"ಇರ್ಲಿ ಬಿಡ್ರಿ, ಆ ಮಾರಿ ನಲವತ್ತು ವರ್ಷ ನೋಡೀನಿ!"

ಡಾಕ್ಟರೂ ನಕ್ಕುಬಿಟ್ಟರು. ಆಮೇಲೆ ಅಜ್ಜಿ ನನ್ನ ಗಲ್ಲ ಹಿಡಿದಳು. "ನೀ ಪೂರಾ ಕಾಣತಿ. ಲಗೂನ ಎತ್ತರ ಆಗಬ್ಯಾಡ ನೋಡು."