ಹಿಂದಿನ ಕೋಣೆಗೂ ಬಿಸಿ

ಹಿಂದಿನ ಕೋಣೆಯ ಬಿಸಿನೀರಿನ ಕೊಳವೆಯ ಮೇಲೆ ಹೆಂಡತಿ ಅಂಗೈಯಿಟ್ಟು ನೋಡಿದಳು. ಬೆಚ್ಚಗಿತ್ತು. ಹೊಲದ ಹುಲ್ಲು, ಜೋಳದ ದಂಟು ಉರಿಸಿ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಊರಿನ ಮನೆಮನೆಯನ್ನೂ ಬೆಚ್ಚಗಿಡುವ ಬಾಯ್ಲರನ್ನು ಕಟ್ಟಿದವನು ಅವಳ ಗಂಡನೇ.

"ಎಲ್ಲಾ ಕೋಣೆಗೂ ಹೀಗೇ ಬರುತ್ತಾ?"

"ಚಳಿಗಾಲ ಮುಗಿಯೋವರೆಗೂ. ನೀನು ನಡುಗಬಾರದು ಅಂತಾನೇ ಇಷ್ಟೆಲ್ಲ ಒದ್ದಾಡಿದ್ದು" ಎಂದು ಅವನು ಹಿಗ್ಗಿದ.

ಮಗಳು ತೀರಿಹೋದ ಮೇಲೆ ಇಬ್ಬರ ನಡುವೆ ಮಾತೇ ಬತ್ತಿತ್ತು. ಆದರೂ ಚಳಿ ಕಾಯಿಸುವ ಒಲೆಯಿದ್ದದ್ದು ಒಂದೇ ಕೋಣೆಯಲ್ಲಾದ್ದರಿಂದ ಎರಡು ಚಳಿಗಾಲ ಒಟ್ಟಿಗೇ ಮಲಗಿದ್ದರು. ನಿದ್ದೆಯಲ್ಲಿ ಅವಳ ತಣ್ಣನೆಯ ಪಾದ ತನ್ನ ಕಾಲಿಗೆ ತಾಗುವುದನ್ನೇ ಅವನು ಕಾಯುತ್ತಿದ್ದ.

"ಬೇಜಾರು ಮಾಡ್ಕೋಬೇಡಿ. ನಾನಿನ್ನು ಇಲ್ಲೇ ಮಲಗ್ತೀನಿ" ಎಂದು ಅವಳು ಮೂಲೆಯಲ್ಲಿ ಸುತ್ತಿಟ್ಟಿದ್ದ ಮಗಳ ಹಾಸಿಗೆಯನ್ನು ಎಳೆಯತೊಡಗಿದಳು.

ಅವನು "ಒಬ್ಬಳೇ ಎತ್ತಬೇಡ, ಭಾರ" ಎಂದು ಇನ್ನೊಂದು ತುದಿ ಹಿಡಿದ.