ಮೊದಲನೆಯವಳು ಬಿದ್ದ ತಿರುವು

ತರೀಕೆರೆ ಇನ್ನೂ ಹರದಾರಿ ದೂರವಿರುವಾಗಲೇ ಮಲ್ಲಿಕಾಂಬೆಗೆ ಖಾತ್ರಿಯಾಗಿಬಿಟ್ಟಿತ್ತು: ಗಂಡ ತನ್ನನ್ನು ಕರೆದೊಯ್ಯುತ್ತಿರುವುದು ಮೊದಲನೆಯವಳು ಬಿದ್ದ ಜಾಗಕ್ಕೇ.

ಬೆಳಿಗ್ಗೆ ಕಡೂರಿನ ಮನೆಯಲ್ಲಿ ಹೊರಡುವಾಗ ದೇವೀರಪ್ಪ ಹಳೆಯ ಪೆಟ್ಟಿಗೆಯಿಂದ ಹಸಿರು ಸೀರೆಯೊಂದನ್ನು ತೆಗೆದುಕೊಟ್ಟು, “ಇದನ್ನೇ ಉಟ್ಕೋ” ಎಂದಿದ್ದ. ಯಾರದೆಂದು ಅವಳು ಕೇಳಲಿಲ್ಲ. ಜೊತೆಗಿದ್ದ ಕುಪ್ಪಸ ಅವಳ ಅಳತೆಗೇ ಹೊಲಿಸಿದಂತೆ ಮೈಗೆ ಕೂತಿತ್ತು.

ಅಮಲ್ದಾರರ ಬಳಿಯೂ ಇಲ್ಲದ ಮೋಟಾರು ಕೊಬ್ಬರಿ ವ್ಯಾಪಾರಿ ದೇವೀರಪ್ಪನ ಬಳಿಯಿತ್ತು. ಭಾನುವಾರ ಬಂತೆಂದರೆ ಅವನು ಹೆಂಡತಿಯನ್ನು ಕೂರಿಸಿಕೊಂಡು ತಿರುಗಾಟಕ್ಕೆ ಹೊರಡುತ್ತಿದ್ದ. ಒಮ್ಮೆ ಅಯ್ಯನಕೆರೆ, ಒಮ್ಮೆ ಬಾಬಾಬುಡನ್ ಗಿರಿಯ ತಪ್ಪಲು. ದಾರಿಯುದ್ದಕ್ಕೂ ರಸ್ತೆಗಿಂತ ಹೆಚ್ಚಾಗಿ ಅವಳ ಮುಖವನ್ನೇ ನೋಡುತ್ತಿದ್ದ. “ಏನಾದ್ರೂ ಅನ್ನಿಸ್ತೈತಾ?” ಎಂದು ಕೇಳುತ್ತಿದ್ದ. ಏನನ್ನಿಸಬೇಕು? ಆ ನೋಟಕ್ಕೆ ಅವಳಿಗೆ ಭಯವೊಂದೇ ಆಗುತ್ತಿತ್ತು.

ಅಜ್ಜಂಪುರದ ತವರಿನಲ್ಲಿ ಜ್ವರ ಬಂದು ಮಲಗಿದ್ದವಳು ಅವಳು. ಎಷ್ಟು ಕಾಲ ಮಲಗಿದ್ದಳೋ ಅವಳಿಗೇ ಗೊತ್ತಿಲ್ಲ. ಎದ್ದು ಓಡಾಡುವಂತಾದ ಮೇಲೆ, ವಾಲಗವಿಲ್ಲ, ಚಪ್ಪರವಿಲ್ಲ, ನಡುಮನೆಯಲ್ಲೇ ತಾಳಿ ಕಟ್ಟಿಸಿದರು. ಕಡೂರಿಗೆ ಬಂದರೆ ಅಲ್ಲಾಗಲೇ ಇನ್ನೊಬ್ಬಳ ಬಳೆ, ಇನ್ನೊಬ್ಬಳ ಕುಂಕುಮದ ಭರಣಿ, ಇನ್ನೊಬ್ಬಳ ಕೂಸು ಗೌರಿ. ಕಾಯಿಲೆ ಬಿದ್ದವಳಿಗೆ ಎರಡನೇ ಸಂಬಂಧವಲ್ಲದೆ ಇನ್ನೇನು ಸಿಕ್ಕೀತು ಎಂದುಕೊಂಡು ಅವಳು ಬಾಯಿ ಬಿಡಲಿಲ್ಲ. ಮನೆಯಲ್ಲಿ ಯಾರೂ ಸತ್ತವಳ ಹೆಸರು ಎತ್ತುತ್ತಿರಲಿಲ್ಲ.

ಒಂದು ಸಲ ಮಾತ್ರ, ಬಾವಿಕಟ್ಟೆಯಲ್ಲಿ ಹೆಂಗಸರಿಬ್ಬರು ಪಿಸುಗುಟ್ಟಿದ್ದು ಕಿವಿಗೆ ಬಿದ್ದಿತ್ತು.

“ದೇವೀರಪ್ಪನ ಹೆಂಡ್ತಿ ಲಕ್ಕವಳ್ಳಿ ಕಾಡಿನ ತಿರುವಿನಾಗೆ ಹೊಳೆಗೆ ಬಿದ್ದಳಂತಲ್ಲೇ. ಬಿದ್ದಳೋ, ತಳ್ಳಿದನೋ!”

“ಯಾರು ಕಂಡೋರು? ಆ ಕೂಸಿನ ಗತಿ ನೋಡೋಕಾಗಲ್ಲ ಕಣೇ.”

ಅಂದಿನಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ.

ತರೀಕೆರೆಯಲ್ಲಿ ಮೋಟಾರಿಗೆ ನೀರು ಹಾಕಲು ನಿಲ್ಲಿಸಿದರು. ಹೋಟೆಲಿನವನು ಕಾಫಿ ಹಿಡಿದು ಓಡಿಬಂದ. “ಅಮ್ಮಾವ್ರಿಗೆ ಬೆಲ್ಲದ್ದೇ ತಂದೀನಿ.” ಅವಳು ಬೆಲ್ಲದ ಕಾಫಿಯನ್ನೇ ಕುಡಿಯುವುದು ನಿಜ. ಆದರೆ ಇವನಿಗೆ ಹೇಳಿದ್ದು ಯಾರು? ದೇವೀರಪ್ಪ ಕಣ್ಣು ಸನ್ನೆ ಮಾಡಿದ. ಹೋಟೆಲಿನವನು ಮಾತು ನುಂಗಿಕೊಂಡು ಸರಿದುಹೋದ.

ಸೀರೆ ನೋಡಿ ನನ್ನನ್ನು ಮೊದಲನೆಯವಳೆಂದು ತಿಳಿದ, ಎಂದುಕೊಂಡಳು ಮಲ್ಲಿಕಾಂಬೆ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಲೋಟ ಕೆಳಗಿಟ್ಟಳು.

ಲಕ್ಕವಳ್ಳಿ ದಾಟಿದ ಮೇಲೆ ಕಾಡು ದಟ್ಟವಾಯಿತು. ನಡುಹಗಲಿನಲ್ಲೂ ರಸ್ತೆಯ ಮೇಲೆ ಹಸಿರು ಕತ್ತಲೆ. ಮುಂದೆ ಒಂದು ಮುರಿದ ಮಂಟಪ ಬರುತ್ತದೆ ಎಂದು ಅವಳಿಗೆ ಅನ್ನಿಸಿತು; ಬಂತು. ಅದರಾಚೆ ಬಿದಿರುಮೆಳೆ, ಎಡಕ್ಕೆ ಇಳಿಜಾರು ಎನ್ನಿಸಿತು, ಅದೂ ಬಂತು. ಈ ದಾರಿಯನ್ನು ಅವಳು ಕಂಡವಳೇ ಅಲ್ಲ. ಸತ್ತವಳು ಪಕ್ಕದಲ್ಲೇ ಕೂತು ಕಿವಿಯಲ್ಲಿ ಹೇಳುತ್ತಿದ್ದಾಳೆಯೆ? ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಹಿಂದಿನ ಸೀಟಿನಲ್ಲಿ ಮಲಗಿದ್ದ ಗೌರಿ ಎದ್ದು ಅಳತೊಡಗಿದಳು. ಮೂರು ವರ್ಷದ ಕೂಸು. “ಅವ್ವಾ” ಎಂದು ಕೈಚಾಚಿದಳು. ಬೇರೆಯವಳಿಗೆ ಸಲ್ಲಬೇಕಾದ ಆ ಮಾತು ಕೇಳಿದಾಗಲೆಲ್ಲ ಮಲ್ಲಿಕಾಂಬೆ ಮೈ ಹಿಡಿಮಾಡಿಕೊಳ್ಳುತ್ತಿದ್ದಳು. ಈಗ ಮಾತ್ರ ಅವಳ ಬಾಯಿಂದ ತಾನಾಗಿ ಒಂದು ಲಾಲಿ ಹೊರಟಿತು. ಎಲ್ಲಿಯೂ ಕಲಿತ ನೆನಪಿಲ್ಲದ ಪದ. ಕೂಸು ಅಳು ನಿಲ್ಲಿಸಿ ತಾನೂ ತೊದಲುತ್ತ ದನಿಗೂಡಿಸಿತು.

ದೇವೀರಪ್ಪ ಗಕ್ಕನೆ ಮೋಟಾರು ನಿಲ್ಲಿಸಿದ. ತಿರುವು. ಕೆಳಗೆ ಭದ್ರಾ ಹೊಳೆಯ ಭೋರ್ಗರೆತ.

“ಇಳಿ.” ಅವನೂ ಇಳಿದ. ಕೂಸನ್ನು ಎತ್ತಿಕೊಂಡು ಅಂಚಿಗೆ ನಡೆದ. “ಇಲ್ಲಿ ಬಂದು ನೋಡು.”

ಅವಳು ಮೋಟಾರಿನ ಬಾಗಿಲಿಗೆ ಒರಗಿ ನಿಂತಳು. “ಅವಳನ್ನ ತಳ್ಳಿದಂಗೆ ನನ್ನೂ ತಳ್ತೀರಾ?”

“ಯಾರನ್ನ?”

“ನಿಮ್ಮ ಮೊದಲನೇ ಹೆಂಡ್ತೀನ!”

ದೇವೀರಪ್ಪನ ಮುಖದಲ್ಲಿ ರಕ್ತವಿಲ್ಲದಂತಾಯಿತು. ಕೂಸನ್ನು ಎದೆಗವಚಿಕೊಂಡು ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಇಳಿಜಾರಿನಿಂದ ಒಬ್ಬ ಮುದುಕಿ ಸೌದೆ ಹೊರೆ ಹೊತ್ತು ಹತ್ತಿಬಂದಳು. ಹೊಳೆದಂಡೆಯ ದೋಣಿಯವನ ಹೆಂಡತಿ ಹಾಲಮ್ಮ. ಮಲ್ಲಿಕಾಂಬೆಯನ್ನು ಕಂಡವಳೇ ಹೊರೆ ಕೆಳಗೆ ಬಿಟ್ಟು ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

“ಬದುಕೀಯಾ ತಾಯೀ! ಕಾಟಿ ಕೋಣ ಅಡ್ಡ ಬಂದು ಮೋಟಾರು ಮಗುಚ್ತಲ್ಲ, ಅವತ್ತು ಕೆಳಗೆ ಮರಳಿನಾಗೆ ಬಿದ್ದಿದ್ದೆ. ತಲೆ ಒಡೆದಿತ್ತು, ಗ್ಯಾನ ಇರಲಿಲ್ಲ. ಆದ್ರೂ ಈ ಕೂಸನ್ನ ಅವುಚಿಕೊಂಡಿದ್ದ ಕೈ ಬಿಡಿಸಾಕಾಗ್ಲಿಲ್ಲ ನಮಗೆ. ನಿನ್ ಯಜಮಾನ್ರು ನಿನ್ನನ್ನ ಹೆಗಲ ಮೇಲೆ ಹೊತ್ಕಂಡು ಈ ದಿಬ್ಬ ಹತ್ತಿದ್ರು.”

“ಅದು ನಾನಲ್ಲಜ್ಜಿ,” ಎಂದಳು ಮಲ್ಲಿಕಾಂಬೆ. “ಅವಳು ಬೇರೆ. ಸತ್ತುಹೋದ್ಲು.”

ಹಾಲಮ್ಮ ಕೇಳಿಸಿಕೊಳ್ಳದವಳಂತೆ ಅವಳ ಕೂದಲು ಸರಿಸಿ ನೆತ್ತಿಯ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು. “ಇಲ್ಲೇ. ಮಾಗೈತೆ.”

ಮಲ್ಲಿಕಾಂಬೆ ತಿರುಗಿ ಗಂಡನನ್ನು ನೋಡಿದಳು. ಅವನು ಹೆಂಗಸರಂತೆ ಬಿಕ್ಕುತ್ತಿದ್ದ.

“ನಿಂಗೆ ನಾನೂ ನೆನಪಿರಲಿಲ್ಲ, ಕೂಸೂ ನೆನಪಿರಲಿಲ್ಲ. ಡಾಕ್ಟರು ಬಾಯಿಬಿಡಬೇಡಿ ಅಂದಿದ್ರು. ಹೇಳಿದ್ರೆ ತಲೆ ಕೆಡುತ್ತೆ, ತಾನಾಗೇ ನೆನಪಾಗ್ಲಿ ಅಂದಿದ್ರು.” ಅವನು ಗೌರಿಯನ್ನು ಅವಳ ತೋಳಿಗೆ ಇಳಿಸಿದ. “ನಾನು ಎರಡು ಸಲ ತಾಳಿ ಕಟ್ಟಿದ್ದು ನಿಜ ಕಣೇ, ಮಲ್ಲಿ. ಎರಡು ಸಲಾನೂ ನಿನಗೇ.”