ತುಂಬಿದ ಬಾಟಲಿ

ಇನ್ನೊಬ್ಬರ ಮೇಲೆ ಹೇರುವ ನಿಯಮವನ್ನು ನೀವು ಒಮ್ಮೆಯಾದರೂ ಓದಿದ್ದೀರಾ?

ಹೊಸಬರಿಗೆ ತರಬೇತಿ ಕೊಡುವ ಹವಾಲ್ದಾರ್ ಗುರುಸಿದ್ದಪ್ಪ ಓದಿರಲಿಲ್ಲ. ತನಗೆ ಕಲಿಸಿದ ಉಸ್ತಾದರ ಬಾಯಿಂದ ಕೇಳಿದ್ದ. ಸೈನ್ಯಕ್ಕೆ ಹೊಸದಾಗಿ ಸೇರಿದವನ ಬೆನ್ನಚೀಲ, ನೀರಿನ ಬಾಟಲಿಯೂ ಸೇರಿ, ಓಟದ ಪರೀಕ್ಷೆಯ ಕೊನೆಯಲ್ಲಿ ಹತ್ತು ಕಿಲೋ ತೂಗಬೇಕು. ಕಡಿಮೆ ಬಂದರೆ ನಪಾಸು.

ಅಂದು ಏಪ್ರಿಲ್ ತಿಂಗಳ ಸುಡುಬಿಸಿಲು. ಹೊಸಬ ಬಸಲಿಂಗ ಹಿಂದಿನ ದಿನವಷ್ಟೇ ಜ್ವರದಿಂದ ಎದ್ದಿದ್ದ.

“ಏನಪಾ ಮದುಮಗ, ಓಡ್ತಿಯೋ, ಪಲ್ಲಕ್ಕಿ ತರಿಸ್ಲೋ?” ಗುರುಸಿದ್ದಪ್ಪ ಅಣಕಿಸಿದ.

“ಓಡ್ತೀನ್ರಿ, ಉಸ್ತಾದ್.”

ಎಂಟನೆಯ ಕಿಲೋಮೀಟರಿನಲ್ಲಿ ಬಸಲಿಂಗನ ಹೆಜ್ಜೆ ತಡವರಿಸತೊಡಗಿತು. “ಉಸ್ತಾದ್, ಒಂದ್ ಗುಟುಕು ನೀರು ಕುಡೀಲೇನ್ರಿ?”

“ಕುಡಿಯಪಾ, ಯಾರ್ ಬ್ಯಾಡಂದ್ರು? ತೂಕ ಕಡಿಮಿ ಬಂದ್ರ ಗಂಟು ಕಟ್ಕೊಂಡು ಮನಿಗೆ ಹೋಗು.”

ಬಸಲಿಂಗ ತೆರೆದ ಮುಚ್ಚಳವನ್ನು ಮತ್ತೆ ಬಿಗಿಮಾಡಿದ.

ಗುರಿ ಮುಟ್ಟಿದವನೇ ಕುಸಿದ. ಮೈ ಕಾದ ಹಂಚಿನಂತಿತ್ತು. ಆಸ್ಪತ್ರೆ ಸೇರುವ ಮೊದಲೇ ಉಸಿರು ನಿಂತಿತು. ಚೀಲ ಮಾತ್ರ ಸರಿಯಾಗಿ ಹತ್ತು ಕಿಲೋ ತೂಗಿತು.

ವಿಚಾರಣೆಯಲ್ಲಿ ಗುರುಸಿದ್ದಪ್ಪ ತಲೆಯೆತ್ತಿಯೇ ಹೇಳಿದ: “ನಿಯಮದಂಗ ನಡಕೊಂಡೀನ್ರಿ, ಸಾಹೇಬ್ರ.”

ಅಧಿಕಾರಿ ನಿಯಮದ ಪುಸ್ತಕವನ್ನು ಅವನ ಮುಂದೆ ಸರಿಸಿದರು. ಹದಿನೆಂಟು ವರ್ಷಗಳ ಸೇವೆಯಲ್ಲಿ ಮೊದಲ ಬಾರಿಗೆ ಅವನು ಆ ಪುಟವನ್ನು ಓದಿದ: ‘ಚೀಲದ ತೂಕ, ನೀರನ್ನು ಲೆಕ್ಕಕ್ಕೆ ಹಿಡಿಯದೆ, ಹತ್ತು ಕಿಲೋ. ನೀರು ದಾರಿಯಲ್ಲಿ ಕುಡಿಯಲು.’

ನಿಮ್ಮ ಮಾತಿಗೆ ಕಟ್ಟುಬಿದ್ದು ಯಾರಾದರೂ ಬಿಸಿಲಲ್ಲಿ ಓಡುತ್ತಿದ್ದರೆ, ದಯವಿಟ್ಟು ಇವತ್ತೇ ನಿಮ್ಮ ನಿಯಮದ ಪುಸ್ತಕವನ್ನು ತೆರೆದು ಓದಿ.